ಹಾರಾಟ ಬೋಧಕರಿಗೆ ಮೊದಲ ಕೆಲಸ: ಬಾರಾಮತಿಯೋ, ಧುಳೆಯೋ, ಬೆಳಗಾವಿಯೋ, ಮುಂಬಯಿಯ ತರಗತಿಯೋ?

ಸಿಪಿಎಲ್, ಅಂದರೆ ವಾಣಿಜ್ಯ ಪೈಲಟ್ ಲೈಸೆನ್ಸ್, ಕೈಗೆ ಬಂದಿದೆ. ಲಾಗ್‌ಬುಕ್‌ನಲ್ಲಿ ಇನ್ನೂರು ಗಂಟೆ ಚಿಲ್ಲರೆ ಹಾರಾಟವಿದೆ. ಮನೆಯವರು ಮಾಡಿದ ಸಾಲದ ಕಂತು ಶುರುವಾಗಿದೆ. ವಿಮಾನಯಾನ ಕಂಪನಿಗಳಿಂದ ಮಾತ್ರ ಇನ್ನೂ ಕರೆ ಬಂದಿಲ್ಲ. ಡೊಂಬಿವಲಿ, ಪಿಂಪ್ರಿ-ಚಿಂಚವಾಡ, ವಾಸ್ಕೊ ಕಡೆಯ ಕನ್ನಡ ಮನೆಗಳಿಂದ ನನ್ನನ್ನು ಕೇಳಿಕೊಂಡು ಬರುವ ಯುವಕ ಯುವತಿಯರಲ್ಲಿ ಹೆಚ್ಚಿನವರು ಈ ಸ್ಥಿತಿಯಲ್ಲೇ ಇರುತ್ತಾರೆ. ಬೋಧಕರಾದರೆ ಜೀವನ ನಡೆಯುತ್ತದೆಯೇ, ನಡೆಯುವುದಾದರೆ ಎಲ್ಲಿ ಸೇರಬೇಕು ಎಂಬುದು ಅವರ ಪ್ರಶ್ನೆ. ನಾನು ಪುಣೆ ಜಿಲ್ಲೆಯಲ್ಲಿ ವಿಮಾನ ಹಾರಿಸಲು ಕಲಿಸುವವನು. ಆದ್ದರಿಂದ ಇಲ್ಲಿರುವುದು ಮುಂಬಯಿ, ಪುಣೆ, ಗೋವೆಗಳಲ್ಲಿ ನೆಲೆಸಿದವರ ಕಣ್ಣಿನಿಂದ ನೋಡಿದ ಹೋಲಿಕೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲ ಕೆಲಸವನ್ನು ಊರು ನೋಡಿ ಆರಿಸಬೇಡಿ, ಗಂಟೆಯ ದರ ನೋಡಿಯೂ ಆರಿಸಬೇಡಿ. ಯಾವ ಮುಖ್ಯ ಬೋಧಕರ ಕೈಕೆಳಗೆ ಕೆಲಸ ಮಾಡುತ್ತೀರಿ, ಆ ಶಾಲೆಯ ಎಷ್ಟು ವಿಮಾನಗಳು ನಿಜವಾಗಿ ಹಾರುತ್ತಿವೆ ಎಂಬ ಎರಡನ್ನು ನೋಡಿ. ಸಂಬಳವೂ ಸುರಕ್ಷತೆಯೂ ಮುಂದಿನ ದಾರಿಯೂ ಬಹುಪಾಲು ಈ ಎರಡರಿಂದಲೇ ತೀರ್ಮಾನವಾಗುತ್ತವೆ.

ಅಮೆರಿಕದ ಸಲಹೆ ಇಲ್ಲಿಗೆ ಏಕೆ ಹೊಂದುವುದಿಲ್ಲ

ಅಂತರ್ಜಾಲದಲ್ಲಿ ಸಿಗುವ ಸಲಹೆಗಳಲ್ಲಿ ಬಹುಪಾಲು ಅಮೆರಿಕದವು. 2009ರಲ್ಲಿ ಬಫಲೊ ಬಳಿ ನಡೆದ ಅಪಘಾತದ ನಂತರ ಅಲ್ಲಿ ನಿಯಮ ಬಿಗಿಯಾಯಿತು. 2013ರಿಂದ ವಿಮಾನಯಾನ ಕಂಪನಿಯಲ್ಲಿ ಸಹಪೈಲಟ್ ಆಗಲೂ ಸಾಮಾನ್ಯವಾಗಿ 1,500 ಗಂಟೆಗಳ ಹಾರಾಟ ಬೇಕು. ಇನ್ನೂರೈವತ್ತು ಗಂಟೆಯಲ್ಲಿ ಲೈಸೆನ್ಸ್ ಪಡೆದವರು ಉಳಿದ ಗಂಟೆಗಳನ್ನು ಸಂಪಾದಿಸುವುದು ಹೇಗೆ? ಹೆಚ್ಚಿನವರು ಬೋಧಕರಾಗುತ್ತಾರೆ. ಹೀಗಾಗಿ ಅಲ್ಲಿ ಬೋಧನೆ ಎಂಬುದು ಎಲ್ಲರೂ ಹತ್ತಲೇಬೇಕಾದ ಮೆಟ್ಟಿಲು.

ನಮ್ಮಲ್ಲಿ ಹಾಗಿಲ್ಲ. ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎ ನಿಯಮದಂತೆ 200 ಗಂಟೆಗಳ ಸಿಪಿಎಲ್ ಇದ್ದು, ದೊಡ್ಡ ವಿಮಾನದ ಟೈಪ್ ರೇಟಿಂಗ್ (ಆ ಮಾದರಿಯನ್ನು ಹಾರಿಸುವ ಅರ್ಹತೆ) ಮಾಡಿಕೊಂಡರೆ ನೇರವಾಗಿ ಸಹಪೈಲಟ್ ಆಸನಕ್ಕೆ ಹೋಗಬಹುದು. ಬೋಧನೆ ಕಡ್ಡಾಯದ ಮೆಟ್ಟಿಲಲ್ಲ, ನಾವೇ ಆರಿಸಿಕೊಳ್ಳುವ ದಾರಿ. ಇದರಿಂದ ಎರಡು ಪರಿಣಾಮಗಳಾಗಿವೆ. ಒಂದು, ಬೋಧಕರ ಕೊರತೆ ಇದೆ, ಆದ್ದರಿಂದ ಕೆಲಸ ಸಿಗುತ್ತದೆ. ಇನ್ನೊಂದು, ನೇಮಕಾತಿ ಜೋರಾದ ಕೂಡಲೇ ಬೋಧಕರು ಬಿಟ್ಟುಹೋಗುತ್ತಾರೆ ಎಂಬ ಭಯದಿಂದ ಶಾಲೆಗಳು ಬಾಂಡ್ ಬರೆಸಿಕೊಳ್ಳುತ್ತವೆ. ಈ ಬಾಂಡ್ ವಿಷಯಕ್ಕೆ ಮುಂದೆ ಬರುತ್ತೇನೆ.

ಹಾಗಾದರೆ ಬೋಧನೆಗೆ ಏಕೆ ಇಳಿಯಬೇಕು? ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ, ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ಹಾರಾಟ ನಿಲ್ಲಿಸಿದವು. ಎರಡೂ ಮುಂಬಯಿಯ ಕಂಪನಿಗಳು. ನಡುವೆ ಕೋವಿಡ್ ಬಂತು. ಅನುಭವಿ ಪೈಲಟ್‌ಗಳೇ ಕೆಲಸ ಹುಡುಕುತ್ತಿದ್ದಾಗ ಇನ್ನೂರು ಗಂಟೆಯವರನ್ನು ಕೇಳುವವರು ಇರಲಿಲ್ಲ. ಅಂಥ ಕಾಲದಲ್ಲಿ ಮನೆಯಲ್ಲಿ ಕುಳಿತವರ ಕೈ ಜಡವಾಯಿತು. ಕಲಿಸುತ್ತಿದ್ದವರ ಲಾಗ್‌ಬುಕ್ ತುಂಬುತ್ತಲೇ ಹೋಯಿತು. ಬೋಧಕನಾಗಿ ಹಾರಿದ ಸಮಯ ಕಮಾಂಡ್ ಹಾರಾಟವಾಗಿಯೇ, ಅಂದರೆ ವಿಮಾನದ ಹೊಣೆ ಹೊತ್ತು ಹಾರಿದ ಸಮಯವಾಗಿಯೇ, ದಾಖಲಾಗುತ್ತದೆ. ಮುಂದೆ ಕ್ಯಾಪ್ಟನ್ ಆಗಲು ಬೇಕಾಗುವ ಎಟಿಪಿಎಲ್ ಲೈಸೆನ್ಸಿನ 1,500 ಗಂಟೆಗಳಲ್ಲಿ ಇದಕ್ಕೆ ದೊಡ್ಡ ಬೆಲೆ ಇದೆ.

ಇಷ್ಟೇ ಕಾರಣವಾದರೆ ಸಾಲದು. ಬಲಗಡೆಯ ಆಸನದಲ್ಲಿ ಕುಳಿತ ಬೋಧಕರಿಗೆ ವಿದ್ಯಾರ್ಥಿಯ ಗಂಟೆ ಮುಖ್ಯವಾಗಬೇಕು, ತನ್ನ ಗಂಟೆಯಲ್ಲ. ಕಲಿಸುವ ಆಸೆ ಚೂರೂ ಇಲ್ಲದವರು ಈ ಕೆಲಸಕ್ಕೆ ಬರಬಾರದು. ವಿದ್ಯಾರ್ಥಿಯ ಮನೆಯವರು ಅರ್ಧ ಕೋಟಿಯ ಆಸುಪಾಸು ಹಣ ಸುರಿದು ಮಗುವನ್ನು ನಿಮ್ಮ ಪಕ್ಕದಲ್ಲಿ ಕೂರಿಸಿರುತ್ತಾರೆ.

ಮೊದಲು ರೇಟಿಂಗ್

ಸಿಪಿಎಲ್ ಇದ್ದ ಮಾತ್ರಕ್ಕೆ ಕಲಿಸುವಂತಿಲ್ಲ, ಬೋಧಕ ರೇಟಿಂಗ್ ಎಂಬ ಪ್ರತ್ಯೇಕ ಅರ್ಹತೆ ಬೇಕು. ನಮ್ಮಲ್ಲಿ ಎರಡು ಹಂತಗಳಿವೆ: ಅಸಿಸ್ಟೆಂಟ್ ಫ್ಲೈಟ್ ಇನ್‌ಸ್ಟ್ರಕ್ಟರ್ ರೇಟಿಂಗ್, ಅದರ ಮೇಲೆ ಫ್ಲೈಟ್ ಇನ್‌ಸ್ಟ್ರಕ್ಟರ್ ರೇಟಿಂಗ್. ಸಹಾಯಕ ಬೋಧಕರು ಹಿರಿಯರ ಮೇಲ್ವಿಚಾರಣೆಯಲ್ಲಿ ಕಲಿಸುತ್ತಾರೆ. ಹುಡುಗನನ್ನು ಮೊದಲ ಸಲ ಒಬ್ಬನೇ ಹಾರಲು ಬಿಡಬಹುದೇ ಎಂಬ ತೀರ್ಮಾನ ಹಿರಿಯರದು. ಹಿಂದೆ ದಿನದ ಹಾರಾಟಕ್ಕೆ ಅನುಮತಿ ಕೊಡುವ ಅಧಿಕಾರ ಮುಖ್ಯ ಬೋಧಕ ಅಥವಾ ಉಪ ಮುಖ್ಯ ಬೋಧಕರಿಗೆ ಮಾತ್ರ ಇತ್ತು. 2021ರಲ್ಲಿ ನಿಯಮ ಸಡಿಲಿಸಿ, ಡಿಜಿಸಿಎ ಒಪ್ಪಿಗೆಯೊಂದಿಗೆ ಫ್ಲೈಟ್ ಇನ್‌ಸ್ಟ್ರಕ್ಟರ್‌ಗಳಿಗೂ ಆ ಅಧಿಕಾರ ಕೊಟ್ಟರು. ಹೀಗಾಗಿ ಎರಡನೆಯ ಹಂತ ಮುಟ್ಟಿದವರಿಗೆ ಬೇಡಿಕೆ ಜಾಸ್ತಿ. ಎರಡು ಎಂಜಿನ್‌ಗಳ ವಿಮಾನದಲ್ಲಿ ಕಲಿಸಬಲ್ಲವರಿಗೆ ಇನ್ನೂ ಜಾಸ್ತಿ.

ರೇಟಿಂಗ್ ಪಡೆಯಲು ಹಣ ಕೊಟ್ಟು ಹಾರಬೇಕು, ಪಾಠ ಹೇಳುವುದನ್ನು ಕಲಿಯಬೇಕು, ಪರೀಕ್ಷಕರ ಮುಂದೆ ತೋರಿಸಬೇಕು. ಎಡಗಡೆ ಆಸನದಲ್ಲಿ ಕುಳಿತು ರೂಢಿಯಾದವರು ಬಲಗಡೆಗೆ ಬಂದಾಗ ಇಳಿಯುವ ಅಂದಾಜೇ ತಪ್ಪುತ್ತದೆ. ಅದರ ಜೊತೆಗೆ, ಕೈ ಮಾಡುತ್ತಿರುವುದನ್ನು ಬಾಯಿ ವಿವರಿಸುತ್ತಿರಬೇಕು. ಇದು ಕೆಲವರಿಗೆ ವಾರದಲ್ಲಿ ಬರುತ್ತದೆ, ಕೆಲವರಿಗೆ ತಿಂಗಳುಗಟ್ಟಲೆ ಬೇಕಾಗುತ್ತದೆ.

ಕೆಲವು ಶಾಲೆಗಳು ರೇಟಿಂಗ್‌ನ ಖರ್ಚನ್ನು ತಾವೇ ಹೊತ್ತು, ಪ್ರತಿಯಾಗಿ ಇಷ್ಟು ವರ್ಷ ದುಡಿಯಬೇಕು ಎಂದು ಬರೆಸಿಕೊಳ್ಳುತ್ತವೆ. ಕೈಯಲ್ಲಿ ಹಣವಿಲ್ಲದವರಿಗೆ ಇದು ಕೆಟ್ಟ ವ್ಯವಹಾರವೇನಲ್ಲ. ಆದರೆ ಮೂರು ವಿಷಯಗಳನ್ನು ಕಾಗದದ ಮೇಲೆ ಕೇಳಿ. ಬಿಟ್ಟುಹೋದರೆ ಕಟ್ಟಬೇಕಾದ ಮೊತ್ತ ದುಡಿದ ತಿಂಗಳಿಗೆ ತಕ್ಕಂತೆ ಇಳಿಯುತ್ತದೆಯೇ? ಶಾಲೆಯ ಹಾರಾಟವನ್ನೇ ಡಿಜಿಸಿಎ ನಿಲ್ಲಿಸಿದರೆ ಬಾಂಡ್ ಏನಾಗುತ್ತದೆ? ನಿಮ್ಮ ಮೂಲ ದಾಖಲೆಗಳು ಯಾರ ಬಳಿ ಇರುತ್ತವೆ? ಮೂರನೆಯದಕ್ಕೆ ಉತ್ತರ "ನಮ್ಮ ಬಳಿ" ಎಂದಾದರೆ ಸಹಿ ಹಾಕಬೇಡಿ. ಲೈಸೆನ್ಸ್ ಮತ್ತು ಲಾಗ್‌ಬುಕ್ ಪೈಲಟ್‌ನ ಕೈಯಲ್ಲೇ ಇರಬೇಕು.

ಬಾರಾಮತಿ

ಪುಣೆಯವರಿಗೆ ಇದು ಮೊದಲು ಹೊಳೆಯುವ ಹೆಸರು. ಲೋಹಗಾಂವ್ ವಾಯುಪಡೆಯ ನೆಲೆ, ಅಲ್ಲಿ ಸಣ್ಣ ವಿಮಾನಗಳ ತರಬೇತಿಗೆ ಜಾಗವಿಲ್ಲ. ಹಡಪಸರದಲ್ಲಿ ಸರ್ಕಾರದ ಗ್ಲೈಡಿಂಗ್ ಕೇಂದ್ರವಿದೆ. ಗ್ಲೈಡರ್ ಹಾರಿಸಿದವರು ಗಾಳಿಯನ್ನು ಬೇರೆಯೇ ರೀತಿಯಲ್ಲಿ ಓದುತ್ತಾರೆ, ಆಸೆ ಇದ್ದವರು ಹೋಗಿ ಬನ್ನಿ. ಆದರೆ ಅದು ಹೊಟ್ಟೆಪಾಡಿನ ದಾರಿಯಲ್ಲ. ಆದ್ದರಿಂದ ಪುಣೆಯಿಂದ ಸುಮಾರು ನೂರು ಕಿಲೋಮೀಟರ್ ದೂರದ ಬಾರಾಮತಿಗೆ ಬರಬೇಕು. ಕಾರ್ವರ್ ಏವಿಯೇಷನ್ ಇಲ್ಲಿನ ಪರಿಚಿತ ಶಾಲೆ.

ಈ ಜಾಗದ ದೊಡ್ಡ ಗುಣ ಹವಾಮಾನ. ಸಹ್ಯಾದ್ರಿಯ ಮಳೆನೆರಳಿನಲ್ಲಿದೆ. ಜುಲೈಯಲ್ಲಿ ಮುಂಬಯಿ ನೀರಿನಲ್ಲಿ ಮುಳುಗಿರುವಾಗಲೂ ಇಲ್ಲಿ ಬೆಳಗಿನ ಎರಡು ಮೂರು ಗಂಟೆ ಹಾರಲು ಸಿಗುವ ದಿನಗಳಿವೆ. ಹಾರಾಟಕ್ಕೆ ಹಣ ಪಡೆಯುವವರಿಗೆ ಮೋಡದ ಎತ್ತರವೇ ಸಂಬಳದ ಚೀಟಿ. ನೆಲ ಬಹುಪಾಲು ಸಮತಟ್ಟು, ಕಬ್ಬಿನ ಗದ್ದೆಗಳು. ಎಂಜಿನ್ ನಿಂತರೆ ಎಲ್ಲಿ ಇಳಿಯಬಹುದು ಎಂದು ವಿದ್ಯಾರ್ಥಿಗೆ ತೋರಿಸಲು ಜಾಗಗಳಿವೆ. ಎತ್ತರಕ್ಕೆ ಬೆಳೆದ ಕಬ್ಬಿನಲ್ಲಿ ಇಳಿದರೆ ವಿಮಾನ ಮಗುಚಬಹುದು ಎಂದು ಅದರ ಜೊತೆಗೇ ಹೇಳಬೇಕಾಗುತ್ತದೆ.

ತೊಂದರೆ ಎಂದರೆ ಬೇಸಿಗೆಯ ಮಧ್ಯಾಹ್ನ. ಏಪ್ರಿಲ್, ಮೇ ತಿಂಗಳಲ್ಲಿ ಹನ್ನೊಂದರ ಮೇಲೆ ಕಾಕ್‌ಪಿಟ್ ಕಾಯುತ್ತದೆ, ಬಿಸಿ ಗಾಳಿ ಸಣ್ಣ ವಿಮಾನವನ್ನು ಎತ್ತಿ ಎಸೆಯುತ್ತದೆ. ದಿನದ ನಾಲ್ಕನೆಯ, ಐದನೆಯ ಹಾರಾಟದ ಹೊತ್ತಿಗೆ ಬೋಧಕರ ಪ್ರತಿಕ್ರಿಯೆ ನಿಧಾನವಾಗುತ್ತದೆ. ಇಳಿಯುವಾಗ ವಿದ್ಯಾರ್ಥಿ ವಿಮಾನದ ಮೂಗನ್ನು ಬೇಗ ಎತ್ತಿ, ರನ್‌ವೇಗಿಂತ ಹತ್ತಡಿ ಮೇಲೆ ವೇಗ ಕಳೆದುಕೊಂಡು ನಿಲ್ಲಿಸಿಬಿಟ್ಟರೆ, ಅದನ್ನು ಸರಿಪಡಿಸಲು ಬೋಧಕರಿಗೆ ಸಿಗುವುದು ಒಂದೆರಡು ಕ್ಷಣ. ದಣಿದ ದಿನ "ಇವತ್ತಿಗೆ ಸಾಕು" ಎಂದು ಹೇಳುವ ಸಹಾಯಕ ಬೋಧಕರನ್ನು ಮುಖ್ಯ ಬೋಧಕರು ಬೆಂಬಲಿಸುತ್ತಾರೆಯೇ? ನನ್ನ ಇಡೀ ಹೋಲಿಕೆಯಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇಲ್ಲ. ಹಾಗೆ ಹೇಳಿದವರ ಹೆಸರನ್ನು ಮರುದಿನದ ಪಟ್ಟಿಯಿಂದ ತೆಗೆಯುವ ಕಡೆ ಗಂಟೆಗೆ ಎಷ್ಟೇ ಕೊಟ್ಟರೂ ಸೇರಬೇಡಿ.

ಧುಳೆ, ಶಿರ್‌ಪುರ, ಗೋಂದಿಯಾ

ಮುಂಬಯಿಯವರಿಗೆ ಊರಿನಲ್ಲೇ ಕಲಿಸುವ ಆಸೆ ಸಹಜ. ಜುಹು 1928ರಿಂದ ಇದೆ. ಬಾಂಬೆ ಫ್ಲೈಯಿಂಗ್ ಕ್ಲಬ್ ಅದೇ ವರ್ಷ ಹುಟ್ಟಿತು. ಜೆ.ಆರ್.ಡಿ. ಟಾಟಾ ಅಲ್ಲಿ ಕಲಿತು 1929ರ ಫೆಬ್ರವರಿಯಲ್ಲಿ ಭಾರತದ ಮೊದಲ ನಂಬರಿನ ಪೈಲಟ್ ಲೈಸೆನ್ಸ್ ಪಡೆದರು. ಆದರೆ ಇಂದು ಜುಹುವಿನ ಪಕ್ಕದಲ್ಲೇ ದೇಶದ ಅತ್ಯಂತ ದಟ್ಟಣೆಯ ವಿಮಾನ ನಿಲ್ದಾಣಗಳಲ್ಲಿ ಒಂದಾದ ಸಾಂತಾಕ್ರೂಜ್ ಇದೆ. ಹೆಲಿಕಾಪ್ಟರ್‌ಗಳಿಗೆ ಅಲ್ಲಿ ಜಾಗವಿದೆ, ದಿನವಿಡೀ ಸುತ್ತು ಹಾಕುವ ತರಬೇತಿ ವಿಮಾನಗಳಿಗೆ ಇಲ್ಲ. ಕ್ಲಬ್ಬಿನ ಹಾರಾಟ ಧುಳೆಗೆ ಹೋಗಿದೆ. ಹತ್ತಿರದ ಶಿರ್‌ಪುರದಲ್ಲಿ ಇನ್ನೊಂದು ಅಕಾಡೆಮಿ ಇದೆ. ವಿದರ್ಭದ ಪೂರ್ವ ತುದಿಯ ಗೋಂದಿಯಾದಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ಮತ್ತು ಕೆನಡಾದ ತರಬೇತಿ ಕಂಪನಿ ಸಿಎಇ ಜೊತೆಯಾಗಿ ಕಟ್ಟಿದ ರಾಷ್ಟ್ರೀಯ ತರಬೇತಿ ಸಂಸ್ಥೆ ಇದೆ. ಅಮರಾವತಿಯ ಬೇಲೋರಾದಲ್ಲಿ ಏರ್ ಇಂಡಿಯಾ ತನ್ನದೇ ಶಾಲೆಯನ್ನು ಕಟ್ಟುತ್ತಿದೆ. ಅದಕ್ಕಾಗಿ ಮೂವತ್ನಾಲ್ಕು ತರಬೇತಿ ವಿಮಾನಗಳಿಗೆ ಆರ್ಡರ್ ಕೊಟ್ಟಿದೆ. ಇಷ್ಟು ವಿಮಾನಗಳಿಗೆ ಬೋಧಕರು ಬೇಕೇ ಬೇಕು. ಉದ್ಯೋಗ ಹುಡುಕುವವರು ಅದರ ಮೇಲೆ ಕಣ್ಣಿಡಿ.

ಇವೆಲ್ಲ ಮನೆಯಿಂದ ದೂರ. ಮುಂಬಯಿಯಿಂದ ಧುಳೆಗೆ ರಸ್ತೆಯಲ್ಲಿ ಆರೇಳು ಗಂಟೆ. ಗೋಂದಿಯಾಕ್ಕೆ ವಿದರ್ಭ ಎಕ್ಸ್‌ಪ್ರೆಸ್‌ನಲ್ಲಿ ಒಂದು ಇಡೀ ರಾತ್ರಿ ಕಳೆದು ಇನ್ನೂ ಕೆಲವು ಗಂಟೆ. ವಾರಕ್ಕೊಂದು ರಜೆಯಲ್ಲಿ ಮನೆಗೆ ಹೋಗಿ ಬರುತ್ತೇನೆ ಎಂಬ ಲೆಕ್ಕ ಇಲ್ಲಿ ಸರಿಹೋಗುವುದಿಲ್ಲ. ಅದೇ ದೂರದಿಂದ ಲಾಭವೂ ಇದೆ. ಬಾಡಿಗೆ ಕಡಿಮೆ, ಖರ್ಚಿಗೆ ದಾರಿಗಳೇ ಇಲ್ಲ, ಸಾಲ ತೀರುತ್ತದೆ. ಹೆಣ್ಣುಮಕ್ಕಳು ವಸತಿಯನ್ನು ಕಣ್ಣಾರೆ ನೋಡದೆ ಒಪ್ಪಬಾರದು. ಬೆಳಗ್ಗೆ ಐದಕ್ಕೆ ಹ್ಯಾಂಗರ್‌ಗೆ ಹೋಗಲು ಶಾಲೆಯ ವಾಹನ ಬರುತ್ತದೆಯೇ ಎಂಬುದನ್ನೂ ಕೇಳಿ.

ದೊಡ್ಡ ಸಂಸ್ಥೆ ಮತ್ತು ಸಣ್ಣ ಕ್ಲಬ್ಬಿನ ನಡುವಿನ ವ್ಯತ್ಯಾಸವನ್ನು ಇಲ್ಲೇ ಹೇಳುವುದು ಒಳ್ಳೆಯದು. ದೊಡ್ಡ ಸಂಸ್ಥೆಯಲ್ಲಿ ಪಾಠಕ್ರಮ ಬರೆದಿಟ್ಟಿರುತ್ತದೆ, ಪ್ರತಿ ಹಾರಾಟದ ನಂತರ ಏನು ಬರೆಯಬೇಕೆಂಬುದು ನಿಗದಿಯಾಗಿರುತ್ತದೆ, ನಿಮ್ಮ ಬೋಧನೆಯನ್ನೂ ಯಾರೋ ಅಳೆಯುತ್ತಿರುತ್ತಾರೆ. ಹೊಸಬರಿಗೆ ಇದು ಬಹಳ ಒಳ್ಳೆಯದು. ಸಣ್ಣ ಕ್ಲಬ್ಬಿನಲ್ಲಿ ಹವಾಮಾನ ನೋಡುವುದು, ಇಂಧನದ ಲೆಕ್ಕ, ವಿದ್ಯಾರ್ಥಿಯ ತಂದೆಯ ಫೋನು ಎಲ್ಲವೂ ನಿಮ್ಮ ತಲೆಗೇ ಬರುತ್ತದೆ. ಒಬ್ಬ ಒಳ್ಳೆಯ ಮುಖ್ಯ ಬೋಧಕರಿದ್ದರೆ ಅಲ್ಲಿ ಒಂದು ವರ್ಷದಲ್ಲಿ ಕಲಿಯುವುದು ಬೇರೆಡೆ ಮೂರು ವರ್ಷದಲ್ಲೂ ಸಿಗದು. ಅವರಿಲ್ಲದಿದ್ದರೆ ಸಿಗುವುದು ದಣಿವು ಮಾತ್ರ.

ಬೆಳಗಾವಿ ಮತ್ತು ಕಲಬುರಗಿ: ಗೋವೆಯವರಿಗೂ ಸೊಲ್ಲಾಪುರದ ಕಡೆಯವರಿಗೂ

ಗೋವೆಯಲ್ಲಿ ದಾಬೋಳಿ ನೌಕಾಪಡೆಯ ನೆಲೆ. ಮೋಪಾ 2023ರ ಜನವರಿಯಿಂದ ಪ್ರಯಾಣಿಕರಿಗೆ ತೆರೆದಿದೆ. ಎರಡರ ಸ್ವಭಾವವೂ ಸುತ್ತು ಹಾಕುವ ತರಬೇತಿಗೆ ಹೇಳಿದ್ದಲ್ಲ. ಮೇಲಾಗಿ ಕರಾವಳಿಯ ಮಳೆ ನಾಲ್ಕು ತಿಂಗಳು ಕೆಲಸ ಕೆಡಿಸುತ್ತದೆ. ಹಾಗಾಗಿ ವಾಸ್ಕೊ, ಮಡಗಾಂವಿನ ಕನ್ನಡಿಗರು ಘಟ್ಟ ಹತ್ತಿ ತವರಿನ ಕಡೆ ನೋಡುವುದು ಜಾಣತನ. ವಿಮಾನ ನಿಲ್ದಾಣ ಪ್ರಾಧಿಕಾರ 2021ರಲ್ಲಿ ಹೊಸ ತರಬೇತಿ ಶಾಲೆಗಳಿಗೆಂದು ಆರಿಸಿದ ಐದು ನಿಲ್ದಾಣಗಳಲ್ಲಿ ಬೆಳಗಾವಿ ಮತ್ತು ಕಲಬುರಗಿ ಎರಡೂ ಇದ್ದವು. ಮರುವರ್ಷದ ಸುತ್ತಿನಲ್ಲಿ ಹುಬ್ಬಳ್ಳಿಯ ಹೆಸರೂ ಬಂತು. ಶಾಲೆಗಳು ಕಟ್ಟಬೇಕಿದ್ದ ರಾಯಲ್ಟಿಯನ್ನು ಕೈಬಿಟ್ಟದ್ದು ಆ ನೀತಿಯ ಮುಖ್ಯ ಅಂಶ.

ಬೆಳಗಾವಿ ಪಣಜಿಯಿಂದ ಚೋರ್ಲಾ ಘಾಟಿಯ ಮೂಲಕ ಮೂರು ಗಂಟೆಯೊಳಗೆ. ಸಾಂಬ್ರಾದ ಈ ನೆಲೆ ಎರಡನೆಯ ಮಹಾಯುದ್ಧದ ಕಾಲದ್ದು, ಪಕ್ಕದಲ್ಲೇ ವಾಯುಪಡೆಯ ತರಬೇತಿ ಶಾಲೆ ಇದೆ. ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರ, ತಂಪು. ಪ್ರಯಾಣಿಕ ವಿಮಾನಗಳು ಬಂದುಹೋಗುವುದರಿಂದ ನಿಯಂತ್ರಣ ಗೋಪುರದೊಡನೆ ಮಾತಾಡುವ ಶಿಸ್ತು ವಿದ್ಯಾರ್ಥಿಗೂ ಬೋಧಕರಿಗೂ ಮೊದಲ ದಿನದಿಂದಲೇ ಬರುತ್ತದೆ. ಆದರೆ ದೊಡ್ಡ ವಿಮಾನಕ್ಕಾಗಿ ಕಾಯುವ ಸಮಯ ನಿಮ್ಮ ಸಂಪಾದನೆಯಿಂದ ಕಳೆಯುತ್ತದೆ. ಮಳೆಗಾಲದ ಮಂಜು ಮತ್ತು ಕೆಳಮೋಡ ಅದಕ್ಕಿಂತ ಹೆಚ್ಚು ಕಳೆಯುತ್ತವೆ.

ಕಲಬುರಗಿ ಇದಕ್ಕೆ ಪೂರಾ ವಿರುದ್ಧ. 2019ರ ನವೆಂಬರ್‌ನಲ್ಲಿ ತೆರೆದ ನಿಲ್ದಾಣ, ಉದ್ದ ರನ್‌ವೇ, ಗದ್ದಲ ಕಡಿಮೆ, ಆಕಾಶ ಖಾಲಿ. ಪುಣೆ, ಮುಂಬಯಿಯವರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ನೇರ ದಾರಿ. ವರ್ಷದಲ್ಲಿ ಹಾರಲು ಸಿಗುವ ದಿನಗಳು ಹೆಚ್ಚು. ಬೆಲೆ ಕಟ್ಟಬೇಕಾದದ್ದು ಬಿಸಿಲಿಗೆ. ನಲವತ್ತು ಡಿಗ್ರಿ ದಾಟಿದ ಮಧ್ಯಾಹ್ನ ಗಾಳಿ ತೆಳುವಾಗಿ, ನೂರಹತ್ತು ಅಶ್ವಶಕ್ತಿಯ ಸೆಸ್ನಾ 152 ಇಬ್ಬರು ದೊಡ್ಡಾಳುಗಳನ್ನು ಹೊತ್ತು ಮೇಲೇರಲು ಹೆಣಗುತ್ತದೆ. ಆ ವಿಮಾನದ ಗರಿಷ್ಠ ತೂಕ ಸುಮಾರು 757 ಕಿಲೋ. ಇಂಧನ ತುಂಬಿದ ಮೇಲೆ ಮನುಷ್ಯರಿಗೆ ಉಳಿಯುವುದು ಎಷ್ಟು ಎಂದು ಪ್ರತಿ ಹಾರಾಟಕ್ಕೂ ಲೆಕ್ಕ ಹಾಕುವ ಶಾಲೆಗೂ, ಅಂದಾಜಿನಲ್ಲಿ ಹೊರಡುವ ಶಾಲೆಗೂ ಇರುವ ಅಂತರ ಬೇಸಿಗೆಯಲ್ಲಿ ಗೊತ್ತಾಗುತ್ತದೆ.

ಈ ಎರಡು ಊರುಗಳಲ್ಲಿ ನಮಗೆ ಇನ್ನೊಂದು ಬಲವಿದೆ. ರೇಡಿಯೊದಲ್ಲಿ ಇಂಗ್ಲಿಷೇ ಬೇಕು, ಪರೀಕ್ಷೆಯೂ ಇಂಗ್ಲಿಷೇ. ಆದರೆ ಹಾರಾಟಕ್ಕೆ ಮುಂಚೆ ಹಲಗೆಯ ಮುಂದೆ ನಿಂತು, ತಿರುವಿನಲ್ಲಿ ವೇಗ ಕಳೆದುಕೊಂಡರೆ ರೆಕ್ಕೆ ಏಕೆ ಕುಸಿಯುತ್ತದೆ ಎಂದು ಬೀದರಿನಿಂದಲೋ ಅಥಣಿಯಿಂದಲೋ ಬಂದ ಹುಡುಗಿಗೆ ಕನ್ನಡದಲ್ಲಿ ಹೇಳಿದಾಗ ಅವಳು ತಲೆಯಾಡಿಸುವ ರೀತಿಯೇ ಬೇರೆ. ಅರ್ಥವಾಗದ್ದನ್ನು ಅರ್ಥವಾಗಲಿಲ್ಲ ಎಂದು ಹೇಳುವ ಧೈರ್ಯವೂ ಅವಳಿಗೆ ಬರುತ್ತದೆ. ಈ ಧೈರ್ಯ ಇಲ್ಲದ ವಿದ್ಯಾರ್ಥಿ ಎಂಟುನೂರು ಅಡಿ ಎತ್ತರದಲ್ಲಿ ಸುಮ್ಮನೆ "ಎಸ್ ಸರ್" ಎನ್ನುತ್ತಾನೆ, ಅಪಾಯ ಅಲ್ಲಿಂದ ಶುರು.

ಹಣದ ಲೆಕ್ಕ

ಶಾಲೆಗಳು ಎರಡು ಬಗೆಯಲ್ಲಿ ಕೊಡುತ್ತವೆ: ಹಾರಿದ ಗಂಟೆಗೆ ಇಷ್ಟು ಎಂದು, ಅಥವಾ ನಿಶ್ಚಿತ ಸಂಬಳ ಮತ್ತು ಗಂಟೆಗೆ ಸ್ವಲ್ಪ. ಹೊಸಬರು ಗಂಟೆಯ ದರ ದೊಡ್ಡದಾಗಿ ಕಂಡ ಕಡೆ ಹೋಗುತ್ತಾರೆ. ಲೆಕ್ಕಕ್ಕಾಗಿ ಮಾತ್ರ ಕೆಲವು ಅಂಕಿಗಳನ್ನು ಇಟ್ಟುಕೊಳ್ಳೋಣ. ನಿಮಗೆ ಸಿಕ್ಕ ನಿಜವಾದ ಅಂಕಿಗಳನ್ನು ಅವುಗಳ ಜಾಗದಲ್ಲಿ ಹಾಕಿಕೊಳ್ಳಿ.

ಮೊದಲ ಶಾಲೆ ಗಂಟೆಗೆ 1,500 ರೂಪಾಯಿ ಕೊಡುತ್ತದೆ, ಬೇರೇನೂ ಇಲ್ಲ. ಎರಡನೆಯದು ತಿಂಗಳಿಗೆ 40,000 ಮತ್ತು ಗಂಟೆಗೆ 600. ಎಂಟು ಒಣ ತಿಂಗಳಲ್ಲಿ ತಲಾ 60 ಗಂಟೆ, ನಾಲ್ಕು ಮಳೆ ತಿಂಗಳಲ್ಲಿ ತಲಾ 20 ಗಂಟೆ ಹಾರಿದಿರಿ ಎನ್ನಿ. ಮೊದಲನೆಯದರಲ್ಲಿ ವರ್ಷಕ್ಕೆ 8,40,000 ಆಗುತ್ತದೆ, ಎರಡನೆಯದರಲ್ಲಿ 8,16,000. ಹೆಚ್ಚು ಕಡಿಮೆ ಒಂದೇ. ಆದರೆ ಮಳೆಗಾಲದ ತಿಂಗಳಲ್ಲಿ ಮೊದಲನೆಯದು ಕೊಡುವುದು 30,000, ಎರಡನೆಯದು 52,000. ಸಾಲದ ಕಂತಿಗೆ ಮಳೆಗಾಲದ ರಿಯಾಯಿತಿ ಇಲ್ಲ.

ಇನ್ನು ಎಂಜಿನ್ ಬಿಡಿಭಾಗ ಬಾರದೆ, ಅಥವಾ ಬೇರೆ ಕಾರಣಕ್ಕೆ, ಎರಡು ಒಣ ತಿಂಗಳು ಹಾರಾಟವೇ ನಿಂತಿತು ಎಂದುಕೊಳ್ಳಿ. ಮೊದಲ ಶಾಲೆಯ ಬೋಧಕರ ಆದಾಯ 6,60,000ಕ್ಕೆ ಇಳಿಯುತ್ತದೆ, ಎರಡನೆಯವರದು 7,44,000ದಲ್ಲಿ ನಿಲ್ಲುತ್ತದೆ. ಸಣ್ಣ ವಿಮಾನಗಳ ಬಿಡಿಭಾಗಗಳಲ್ಲಿ ಬಹಳಷ್ಟು ವಿದೇಶದಿಂದ ಬರಬೇಕು, ಇಂಥ ತಿಂಗಳುಗಳು ಬಂದೇ ಬರುತ್ತವೆ. ಆದ್ದರಿಂದ ಮೊದಲ ಕೆಲಸಕ್ಕೆ ನಿಶ್ಚಿತ ಸಂಬಳವೇ ಒಳ್ಳೆಯದು ಎಂಬುದು ನನ್ನ ಗಟ್ಟಿ ಅಭಿಪ್ರಾಯ, ಗಂಟೆಯ ದರ ಅರ್ಧಕ್ಕಿಂತ ಕಡಿಮೆಯಾದರೂ ಸರಿ. ಇನ್ನೊಂದು ಕಾರಣವೂ ಇದೆ, ಅದು ಹಣಕ್ಕಿಂತ ದೊಡ್ಡದು. ಗಂಟೆಗೆ ಮಾತ್ರ ಹಣ ಸಿಗುವವರಿಗೆ ಮೋಡ ಕವಿದಾಗಲೂ ಹೊರಡುವ ಆಸೆ ಹುಟ್ಟುತ್ತದೆ. ವಿಮಾನದ ಸದ್ದು ಸರಿಯಿಲ್ಲ ಎಂದು ಎಂಜಿನಿಯರ್ ಬಳಿ ವಾಪಸು ಹೋಗುವ ಮುನ್ನ ಮನಸ್ಸು ಒಂದು ಕ್ಷಣ ತಡೆಯುತ್ತದೆ. ಆ ತಡೆ ಬರಬಾರದು.

ಮೇಲಿನ ಲೆಕ್ಕದಲ್ಲಿ ವರ್ಷಕ್ಕೆ 560 ಗಂಟೆ ಆಯಿತು. ಇನ್ನೂರರಿಂದ 1,500ಕ್ಕೆ ಹೋಗಲು ಎರಡು ವರ್ಷ ಮತ್ತು ಕೆಲವು ತಿಂಗಳು ಬೇಕು. ಆದರೆ ಎಟಿಪಿಎಲ್‌ಗೆ ರಾತ್ರಿ ಹಾರಾಟ, ಉಪಕರಣ ನೋಡಿ ಹಾರುವುದು, ದೂರದ ಊರಿಗೆ ಹಾರುವುದು ಇವುಗಳಿಗೆ ಪ್ರತ್ಯೇಕ ಲೆಕ್ಕಗಳಿವೆ. ಬರೀ ರನ್‌ವೇ ಸುತ್ತ ಸುತ್ತಿದ ಗಂಟೆಗಳಿಂದ ಅವು ತುಂಬುವುದಿಲ್ಲ. ರಾತ್ರಿ ಹಾರಾಟದ ಸೌಲಭ್ಯ ಇದೆಯೇ ಎಂದು ಸೇರುವಾಗಲೇ ಕೇಳಿಕೊಳ್ಳಿ.

ನೌಕರ ಎಂದು ತೆಗೆದುಕೊಳ್ಳುತ್ತಾರೋ, ಸಲಹೆಗಾರ ಎಂದೋ ಎಂಬುದನ್ನೂ ನೋಡಿ. ಸಲಹೆಗಾರ ಎಂದಾದರೆ ವೃತ್ತಿ ಶುಲ್ಕದ ಮೇಲೆ ನೂರಕ್ಕೆ ಹತ್ತು ತೆರಿಗೆ ಮೊದಲೇ ಕಡಿತವಾಗುತ್ತದೆ, ಭವಿಷ್ಯ ನಿಧಿ ಇರುವುದಿಲ್ಲ, ರಜೆಗೆ ಹಣವಿರುವುದಿಲ್ಲ. ವೈದ್ಯಕೀಯ ಪರೀಕ್ಷೆಯಲ್ಲಿ ಅನರ್ಹರಾದರೆ ನೆರವಾಗುವ ವಿಮೆಯನ್ನು ಕೊಡುವ ಶಾಲೆ ಸಿಕ್ಕರೆ ಅದಕ್ಕೆ ಬೆಲೆ ಕೊಡಿ. ಪೈಲಟ್‌ನ ಬದುಕು ಒಂದನೆಯ ದರ್ಜೆಯ ಮೆಡಿಕಲ್ ಪ್ರಮಾಣಪತ್ರದ ಮೇಲೆ ನಿಂತಿರುತ್ತದೆ.

ಮುಂಬಯಿ, ಪುಣೆಯ ತರಗತಿಗಳು

ಮನೆ ಬಿಡಲಾಗದವರು ಇದ್ದಾರೆ: ವಯಸ್ಸಾದ ತಾಯಿ, ತಕ್ಷಣದ ಸಾಲ, ಚಿಕ್ಕ ಮಗು. ಅವರಿಗೆ ನೆಲದ ಪಾಠವೇ ಸರಿ. ನ್ಯಾವಿಗೇಷನ್, ಹವಾಮಾನ, ವಾಯು ನಿಯಮಗಳು, ತಾಂತ್ರಿಕ ವಿಷಯಗಳ ಡಿಜಿಸಿಎ ಪರೀಕ್ಷೆಗೆ ತಯಾರಿ ಮಾಡಿಸುವ ಖಾಸಗಿ ತರಗತಿಗಳು ಅಂಧೇರಿ, ವಿಲೆ ಪಾರ್ಲೆ ಕಡೆ, ಪುಣೆಯಲ್ಲೂ ಇವೆ. ಅಲ್ಲಿ ಕಲಿಸಲು ಬೋಧಕ ರೇಟಿಂಗ್ ಬೇಕಿಲ್ಲ. ಪರೀಕ್ಷೆ ಪಾಸಾದ, ಸ್ಪಷ್ಟವಾಗಿ ಹೇಳಬಲ್ಲ ಸಿಪಿಎಲ್‌ದಾರರು ಸಾಕು. ಮಳೆ ಬಂದರೂ ತರಗತಿ ನಡೆಯುತ್ತದೆ, ಸಂಜೆ ಆನ್‌ಲೈನ್ ಪಾಠವೂ ಸೇರಿದರೆ ಹೊಸ ಸಹಾಯಕ ಬೋಧಕರಿಗಿಂತ ಹೆಚ್ಚು ದುಡಿಯುವವರಿದ್ದಾರೆ.

ಕೊರತೆ ಒಂದೇ, ದೊಡ್ಡದು. ಲಾಗ್‌ಬುಕ್ ಒಂದು ಸಾಲೂ ಮುಂದೆ ಹೋಗುವುದಿಲ್ಲ. ಹಾರದೆ ವರ್ಷ ಕಳೆದಂತೆ ಮತ್ತೆ ಆಸನಕ್ಕೆ ಮರಳುವುದು ಕಷ್ಟವೂ ದುಬಾರಿಯೂ ಆಗುತ್ತದೆ. ಆದ್ದರಿಂದ ಈ ದಾರಿಗೆ ಒಂದು ಅವಧಿ ಗೊತ್ತುಮಾಡಿಕೊಂಡು ಇಳಿಯಿರಿ. ರೇಟಿಂಗ್‌ಗೆ ಬೇಕಾದ ಹಣ ಕೂಡಿಸುವವರೆಗೆ ಎಂದಾದರೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಹವಾಮಾನದ ಪಾಠವನ್ನು ಹತ್ತು ಸಲ ಹೇಳಿದವರು ಮುಂದೆ ವಿಮಾನದಲ್ಲೂ ಒಳ್ಳೆಯ ಬೋಧಕರಾಗುವುದನ್ನು ನಾನು ಕಂಡಿದ್ದೇನೆ.

ಡ್ರೋನ್, ಸಿಮ್ಯುಲೇಟರ್, ಅಮೆರಿಕ

2021ರ ಆಗಸ್ಟ್‌ನಲ್ಲಿ ಹೊಸ ಡ್ರೋನ್ ನಿಯಮಗಳು ಬಂದ ಮೇಲೆ ರಿಮೋಟ್ ಪೈಲಟ್‌ಗಳಿಗೆ, ಅಂದರೆ ನೆಲದಿಂದ ಡ್ರೋನ್ ಹಾರಿಸುವವರಿಗೆ, ಕಲಿಸುವ ಸಂಸ್ಥೆಗಳು ಬೆಳೆದಿವೆ. 15,000 ಮಹಿಳಾ ಸ್ವಸಹಾಯ ಗುಂಪುಗಳಿಗೆ ಡ್ರೋನ್ ಕೊಡುವ ಕೇಂದ್ರದ ಯೋಜನೆಯಿಂದ ಹಳ್ಳಿಯ ಹೆಣ್ಣುಮಕ್ಕಳೂ ಕಲಿಯಲು ಬರುತ್ತಿದ್ದಾರೆ. ಮರಾಠಿ, ಕನ್ನಡ ಎರಡೂ ಬಲ್ಲವರಿಗೆ ಗಡಿ ಜಿಲ್ಲೆಗಳಲ್ಲಿ ಇದು ಗೌರವದ ಕೆಲಸ. ಡ್ರೋನ್ ಹಾರಿಸಿದ ಸಮಯ ವಿಮಾನದ ಲಾಗ್‌ಬುಕ್‌ಗೆ ಸೇರುವುದಿಲ್ಲ ಎಂಬುದನ್ನು ತಿಳಿದು ಇಳಿಯಿರಿ.

ಏರ್‌ಬಸ್, ಬೋಯಿಂಗ್ ಸಿಮ್ಯುಲೇಟರ್‌ನಲ್ಲಿ ಕಲಿಸುವುದು ಆ ವಿಮಾನಗಳನ್ನು ವರ್ಷಗಟ್ಟಲೆ ಹಾರಿಸಿದವರ ಕೆಲಸ. ಮೊದಲ ಉದ್ಯೋಗವಾಗಿ ಅದನ್ನು ಹುಡುಕಿ ಕಾಲ ಕಳೆಯಬೇಡಿ. ಅಮೆರಿಕದಲ್ಲಿ ಕಲಿತವರಿಗೆ ವಿದ್ಯಾರ್ಥಿ ವೀಸಾದ ನಂತರದ ಸೀಮಿತ ಅವಧಿಯಲ್ಲಿ ಅಲ್ಲೇ ಕಲಿಸಲು ಕೆಲವೊಮ್ಮೆ ಅವಕಾಶವಿರುತ್ತದೆ. ಸಿಕ್ಕರೆ ಗಂಟೆಗಳು ಬೇಗ ಏರುತ್ತವೆ. ವಾಪಸು ಬಂದ ಮೇಲೆ ಡಿಜಿಸಿಎ ಪರೀಕ್ಷೆಗಳನ್ನು ಬರೆದು ಲೈಸೆನ್ಸ್ ಪರಿವರ್ತಿಸಿಕೊಳ್ಳಬೇಕು, ಅಲ್ಲಿನ ಬೋಧಕ ರೇಟಿಂಗ್ ಹಾಗೆಯೇ ಇಲ್ಲಿ ನಡೆಯುವುದಿಲ್ಲ.

ಶಾಲೆಗೆ ಹೋಗಿ ನೋಡುವ ದಿನ

ಡಿಜಿಸಿಎ 2025ರ ಅಕ್ಟೋಬರ್‌ನಿಂದ ತರಬೇತಿ ಶಾಲೆಗಳಿಗೆ ದರ್ಜೆ ಕೊಡಲು ಆರಂಭಿಸಿದೆ. ಮೊದಲ ಪಟ್ಟಿಯಲ್ಲಿ ಮೇಲಿನ ದರ್ಜೆ ಯಾರಿಗೂ ಸಿಗಲಿಲ್ಲ. ಪಟ್ಟಿಯನ್ನು ಓದಿ, ಆದರೆ ಅದನ್ನೇ ನಂಬಿ ಕೂರಬೇಡಿ. ಅರ್ಜಿ ಹಾಕಿದ ಶಾಲೆಗೆ ವಾರದ ನಡುವಿನ ಒಂದು ಬೆಳಗ್ಗೆ, ಸೂರ್ಯ ಹುಟ್ಟುವ ಹೊತ್ತಿಗೆ ಹೋಗಿ. ಹಲಗೆಯ ಮೇಲೆ ಎಷ್ಟು ವಿಮಾನಗಳ ಹೆಸರಿದೆ, ಹೊರಗೆ ಎಷ್ಟು ನಿಂತಿವೆ, ಒಂಬತ್ತರೊಳಗೆ ಎಷ್ಟು ಹಾರಿದವು ಎಂದು ಎಣಿಸಿ. ಹ್ಯಾಂಗರ್‌ನಲ್ಲಿ ಪ್ರೊಪೆಲ್ಲರ್ ಇಲ್ಲದೆ ಧೂಳು ಹಿಡಿದ ವಿಮಾನವಿದ್ದರೆ ಎಷ್ಟು ಕಾಲದಿಂದ ಹಾಗಿದೆ ಎಂದು ಕೇಳಿ. ನಿರ್ವಹಣೆ ಮಾಡುವ ಎಂಜಿನಿಯರ್ ಅಲ್ಲೇ ಇರುತ್ತಾರೋ, ಬೇರೆ ಊರಿನಿಂದ ಬರುತ್ತಾರೋ ಎಂದು ಕೇಳಿ. ಒಬ್ಬ ಬೋಧಕರಿಗೆ ಎಷ್ಟು ವಿದ್ಯಾರ್ಥಿಗಳು ಎಂಬುದನ್ನು ಕಚೇರಿಯವರಿಗಿಂತ ವಿದ್ಯಾರ್ಥಿಗಳೇ ಸರಿಯಾಗಿ ಹೇಳುತ್ತಾರೆ. ಚಹಾದ ಅಂಗಡಿಯಲ್ಲಿ ಅವರ ಪಕ್ಕ ಕುಳಿತರೆ ಸಾಕು.

ಆಮೇಲೆ ಮುಖ್ಯ ಬೋಧಕರನ್ನು ಭೇಟಿಯಾಗಿ ಒಂದೇ ಪ್ರಶ್ನೆ ಕೇಳಿ: ಹೊಸ ಸಹಾಯಕ ಬೋಧಕರ ಜೊತೆ ನೀವು ಎಷ್ಟು ದಿನಕ್ಕೊಮ್ಮೆ ಹಾರುತ್ತೀರಿ? "ರೇಟಿಂಗ್ ಇದೆಯಲ್ಲ, ಇನ್ನೇಕೆ" ಎಂಬ ಉತ್ತರ ಬಂದರೆ ಬೇರೆ ಶಾಲೆ ನೋಡಿ. ಆ ಶಾಲೆ ಬಿಟ್ಟ ಇಬ್ಬರು ಬೋಧಕರನ್ನು ಹುಡುಕಿ, ಕೊನೆಯ ತಿಂಗಳ ಸಂಬಳ ಸಿಕ್ಕಿತೇ ಎಂದು ವಿಚಾರಿಸಿ. ಮಾತಿನಲ್ಲಿ ಹೇಳಿದ ಸಂಬಳ, ಮಳೆಗಾಲದ ಕನಿಷ್ಠ ಮೊತ್ತ, ವಾರದ ರಜೆ, ಬಾಂಡ್ ಇಳಿಯುವ ಲೆಕ್ಕ, ಈ ನಾಲ್ಕೂ ನೇಮಕಾತಿ ಪತ್ರದಲ್ಲಿ ಬಂದ ಮೇಲೆ ಮಾತ್ರ ಮನೆ ಬದಲಿಸಿ. ಮಳೆ ಹಿಂದೆ ಸರಿಯುವ ಸೆಪ್ಟೆಂಬರ್ ಕೊನೆಯಿಂದ ಹಾರಾಟ ಜೋರಾಗುತ್ತದೆ, ಶಾಲೆಗಳಿಗೆ ಆಗ ಬೋಧಕರು ಬೇಕಾಗುತ್ತಾರೆ. ಆದ್ದರಿಂದ ರೇಟಿಂಗ್‌ನ ಕೆಲಸವನ್ನು ಬೇಸಿಗೆಯಲ್ಲೇ ಮುಗಿಸಿಕೊಂಡು, ಜುಲೈ, ಆಗಸ್ಟ್‌ನಲ್ಲಿ ಶಾಲೆಗಳಿಗೆ ಹೋಗಿ ನೋಡಲು ಶುರುಮಾಡಿ. ಹಾರಾಟ ಕಡಿಮೆ ಇರುವ ಆ ದಿನಗಳಲ್ಲಿ ಮುಖ್ಯ ಬೋಧಕರಿಗೆ ಕುಳಿತು ಮಾತಾಡಲು ಸಮಯವೂ ಇರುತ್ತದೆ.